ಭಾವ ಮತ್ತು ಗೌಸ್‌ಭಾಯಿ ಒಪ್ಪಿದ ದಿನ

ಬೀದರಿನ ನಮ್ಮ ಓಣಿಯಲ್ಲಿ ಹತ್ತನೆಯ ತರಗತಿ ಮುಗಿಸಿದವರನ್ನು ಮುಂದೇನು ಓದುತ್ತಿ ಎಂದು ಕೇಳಿದರೆ ಉತ್ತರ ಅವರಪ್ಪನಿಂದ ಬರುತ್ತದೆ. ಮಕ್ಕಳದು ತಲೆಯಾಡಿಸುವ ಕೆಲಸ. ಒಂದೊಂದು ಸಂಸ್ಕೃತಿಗೆ ಮಕ್ಕಳನ್ನು ಬೆಳೆಸುವ ಒಂದೊಂದು ರೀತಿ ಇರುತ್ತದಂತೆ. ರವಿವಾರದ ಪುರವಣಿಯಲ್ಲಿ ಓದಿ ನಾನೂ ನಂಬಿದ್ದೆ. ಆ ನಂಬಿಕೆ ಕಳೆದದ್ದು ಅಕ್ಕನ ಮಗಳು ಸುಜಾತಾಳ ವಿಷಯದಲ್ಲಿ.

ಅವಳು ಪಿಯುಸಿ ಓದಲು ಭಾಲ್ಕಿಯಿಂದ ಬಂದು ನಮ್ಮ ಮನೆಯಲ್ಲಿದ್ದಳು. ಪಕ್ಕದ ಗೌಸ್‌ಭಾಯಿಯವರದು ಕಪ್ಪು ಲೋಹದ ಮೇಲೆ ಬೆಳ್ಳಿ ತಂತಿ ಕೂರಿಸುವ ಬಿದ್ರಿ ಕೆಲಸ. ಹುಡುಗಿ ಕಾಲೇಜಿನಿಂದ ಬಂದವಳೇ ಅಲ್ಲಿ ಹೋಗಿ ಕೂರುವಳು. ಮೊದಮೊದಲು ನೋಡಿದಳು, ಆಮೇಲೆ ಉಳಿ ಹಿಡಿದಳು. ಚಳಿಗಾಲ ಮುಗಿಯುವಷ್ಟರಲ್ಲಿ ಪುಟ್ಟ ಡಬ್ಬಿಯೊಂದರ ಮುಚ್ಚಳಕ್ಕೆ ಬಳ್ಳಿ ಕೊರೆದು ತಂದು ತೋರಿಸಿ, ಇದನ್ನೇ ಕಲಿಯುತ್ತೇನೆ, ಅಪ್ಪನಿಗೆ ನೀವು ಹೇಳಿರಿ ಎಂದಳು. ಫೋನು ಮಾಡಿದೆ.

ಭಾವ ಮರುದಿನವೇ ಬಸ್ಸು ಹತ್ತಿ ಬಂದರು. ಅವರು ಸಾಲಿ ಮಾಸ್ತರರು. ಅವರಪ್ಪ, ಅಜ್ಜ ಕಂಡವರ ಹೊಲದಲ್ಲಿ ದುಡಿದವರು. ಜಗಳ ಖಂಡಿತ ಎಂದುಕೊಂಡೆ. ಒಬ್ಬರು ಬುದ್ಧವಿಹಾರಕ್ಕೆ ಹೋಗುವವರು, ಇನ್ನೊಬ್ಬರು ಮಸೀದಿಗೆ; ಮನೆಮಾತೂ ಬೇರೆ. ಮಧ್ಯಸ್ಥಿಕೆಗೆ ನನ್ನಂಥ ಬುದ್ಧಿವಂತ ಬೇಕೇ ಬೇಕೆಂದು ಇಸ್ತ್ರಿ ಅಂಗಿ ತೊಟ್ಟು ಜೊತೆಗೆ ಹೋದೆ.

"ಕೈಕೆಲಸ ತಪ್ಪಲಿ ಅಂತನ ನಾವು ಸಾಲಿ ಕಲ್ತೀವಿ" ಎಂದರು ಭಾವ.

ಗೌಸ್‌ಭಾಯಿ ಅವರ ಮುಂದೆ ಚಹಾ ಇಟ್ಟರು. "ಖರೇ ಅದರಿ ಮಾಸ್ತರ. ನನ್ನ ಮಗಗ ಉಳಿ ಮುಟ್ಟಾಕ ಬಿಟ್ಟಿಲ್ರಿ, ಫಾರ್ಮಸಿಗೆ ಹಾಕೀನಿ. ನಿಮ್ಮ ಹುಡುಗಿ ಸುಮ್ನ ಆಟಕ್ಕ ಬರ್ತಾಳ ಅಂತ ತಿಳ್ಕೊಂಡಿದ್ದೆ."

ಚಹಾ ಆರುವಷ್ಟರಲ್ಲಿ ಎರಡು ಸಂಸ್ಕೃತಿಗಳು ಒಂದಾದವು. ಏಕತೆಯ ಬಗ್ಗೆ ಭಾಷಣ ಮಾಡುವವರು ನೋಡಬೇಕಿತ್ತು.

ಬಾಗಿಲಲ್ಲಿ ನಿಂತಿದ್ದ ಸುಜಾತಾ ಗೌಸ್‌ಭಾಯಿಯ ಮುಖವನ್ನೇ ನೋಡಿದಳು. ಅಪ್ಪ ಒಪ್ಪುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇವರೂ ಒಪ್ಪುವುದಿಲ್ಲವೆಂದು ಗೊತ್ತಿರಲಿಲ್ಲ. ಮನೆಗೆ ಬಂದು ಭೌತಶಾಸ್ತ್ರದ ಪುಸ್ತಕ ತೆರೆದು ಕೂತಳು.

ಈಗ ಔರಾದದಲ್ಲಿ ಸರಕಾರಿ ನೌಕರಿಯಲ್ಲಿದ್ದಾಳೆ. ನೌಕರಿ ಸಿಕ್ಕಾಗ ಭಾವ ಪೇಢೆ ಹಂಚಿದರು, ಗೌಸ್‌ಭಾಯಿಗೂ ಕೊಟ್ಟರು. ಅವಳು ಅಳುವುದಿಲ್ಲ, ದೂರುವುದಿಲ್ಲ. ಸಂಜೆ ಏನು ಮಾಡುತ್ತಿ ಎಂದು ಕೇಳಿದರೆ ಟಿವಿ ನೋಡುತ್ತೇನೆ ಎನ್ನುತ್ತಾಳೆ.

ಮೊನ್ನೆ ಅವಳ ತಂಗಿ ಹತ್ತನೆಯದು ಪಾಸಾಗಿ, ಮುಂದೇನು ಓದಲಿ ಎಂದು ಸುಜಾತಾಳನ್ನೇ ಕೇಳಿದಳಂತೆ. ನೀನೇನು ಹೇಳಿದೆ ಎಂದೆ.

"ಅಪ್ಪ ಹೇಳಿದ್ದನ್ನ ಓದು ಅಂದೆ, ಮಾಮಾ. ನಾಳೆ ಹಾಳಾದ್ರ ಬೈಯಾಕಾದ್ರೂ ಒಬ್ರು ಇರ್ತಾರ."

ಹೇಳಿದ ಧಾಟಿ ಥೇಟ್ ಭಾವನದೇ. ಪಾಪ, ಆ ಚಿಕ್ಕವಳಿಗೆ ಈಗ ಮನೆಯಲ್ಲಿ ಅಪ್ಪಂದಿರೇ ಇಬ್ಬರು.