ಅಯ್ಯನವರು ಹೇಳದ ಮಾತು

ಶಾಂತತ್ತೆ, ವಯನಾಡಿನ ಅಯ್ಯನವರು ನಿಮಗೆ ಕಾಯಿರಿ ಎಂದು ಹೇಳಲೇ ಇಲ್ಲ. ಹಾಗೆ ಹೇಳಿದವಳು ನಾನು.

ನಾಲ್ಕು ವರ್ಷಗಳಿಂದ ನೀವು ದೇವರ ಅಪ್ಪಣೆಯೆಂದು ಎದೆಯಲ್ಲಿಟ್ಟುಕೊಂಡಿರುವ ಮಾತು, ಬುಧವಾರದ ಸ್ತ್ರೀಯರ ಕೂಟದಲ್ಲಿ ಎದ್ದುನಿಂತು ಸಾಕ್ಷಿ ಹೇಳುವ ಮಾತು, ನಮ್ಮ ಪಾಸ್ಟರು ನಂಬಿಕೆಗೆ ಉದಾಹರಣೆಯಾಗಿ ಪ್ರಸಂಗದಲ್ಲಿ ತೆಗೆಯುವ ಮಾತು — ಅದು ನನ್ನದು. ಅಯ್ಯನವರು ಇಂಗ್ಲಿಷಿನಲ್ಲಿ ಹೇಳಿದ್ದು, ಮಗಳ ಬಳಿಗೆ ಹೋಗಿ ಎಂದು. ಪಕ್ಕದಲ್ಲಿ ನಿಂತು ಅದನ್ನು ಕನ್ನಡಕ್ಕೆ ತರಬೇಕಾಗಿದ್ದ ನಾನು, ಹೋಗಬೇಡಿ ಎಂದೆ. ಬಾಯಿ ತಪ್ಪಿ ಬಂದದ್ದಲ್ಲ. ತಿಳಿದೇ ಹೇಳಿದೆ.

ಇದನ್ನು ಬರೆದುಕೊಳ್ಳುತ್ತಿರುವುದೇಕೆಂದರೆ, ನನ್ನ ಬಾಯಿಯನ್ನು ನಾನು ನಂಬುವುದಿಲ್ಲ. ನಿಮ್ಮ ಮುಖ ನೋಡುತ್ತ ಹೇಳಹೊರಟರೆ ನಡುವೆ ಎಲ್ಲೋ ಮೆತ್ತಗೆ ಮಾಡಿಬಿಡುತ್ತೇನೆ, ಒಂದು ಮಾತು ನುಂಗಿ ಇನ್ನೊಂದನ್ನು ಇಡುತ್ತೇನೆ — ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಆದ್ದರಿಂದ ನಾಳೆ ಆರಾಧನೆ ಮುಗಿದು ಎಲ್ಲರೂ ಅಂಗಳಕ್ಕೆ ಹೋದ ಮೇಲೆ, ನಿಮ್ಮ ಎದುರಿಗೆ ಕೂತು, ಬರೆದದ್ದನ್ನು ಬರೆದ ಹಾಗೆಯೇ ಓದುತ್ತೇನೆ.

ಸುನಿ ಮನೆ ಬಿಟ್ಟ ದಿನದಿಂದ ಹೇಳಬೇಕು. ಮೈಸೂರಿನಲ್ಲಿ ಯುವಜನರ ಶಿಬಿರವಿದೆ, ನನ್ನ ಜೊತೆ ಕಳಿಸಿ ಎಂದು ನಿಮ್ಮನ್ನು ಕೇಳಿದವಳು ನಾನು. ಶಿಬಿರ ಇದ್ದದ್ದು ನಿಜ. ನಿಮ್ಮ ಮಗಳು ಅದಕ್ಕೆ ಬರುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಇಬ್ಬರಿಗೂ ನೀವು ಚಿತ್ರಾನ್ನ ಕಟ್ಟಿಕೊಟ್ಟಿರಿ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಅವಳ ಪಾಲಿನ ಪೊಟ್ಟಣವನ್ನು ಅವಳ ಕೈಗಿಟ್ಟು, ಬೆಟ್ಟದಪುರದ ಬಸ್ಸಿಗೆ ಹತ್ತಿಸಿ, ನಾನು ಮೈಸೂರಿನ ಬಸ್ಸು ಹಿಡಿದೆ. ಮಹೇಶ ಅಲ್ಲಿ ಅವಳಿಗಾಗಿ ಕಾಯುತ್ತಿದ್ದ. ಅವನದು ಹೊಗೆಸೊಪ್ಪು ಬೆಳೆಯುವ ಮನೆ. ಅವರು ನಮ್ಮ ಸಭೆಯವರಲ್ಲ, ನಮ್ಮ ಧರ್ಮದವರೂ ಅಲ್ಲ. ನಿಮಗೆ ಹೇಳಿದ್ದರೆ ನೀವು ಒಪ್ಪುತ್ತಿದ್ದಿರೋ ಇಲ್ಲವೋ, ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಶಿಬಿರದಿಂದ ಒಬ್ಬಳೇ ಹಿಂದಿರುಗಿ, ಸುನಿ ನನಗೂ ಹೇಳದೆ ಹೋಗಿಬಿಟ್ಟಳು ಎಂದು ನಿಮ್ಮ ಬಾಗಿಲಲ್ಲಿ ನಿಂತು ಅತ್ತೆ. ಅಳು ಸುಳ್ಳಾಗಿರಲಿಲ್ಲ, ಹೆದರಿಕೆಯ ಅಳು ಅದು. ನೀವು ಹೊಲಿಗೆ ಯಂತ್ರದಿಂದ ಎದ್ದು ಬಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಿರಿ. "ನೀ ಏನ್ ಮಾಡೀಯ ಮಗ. ನೀ ಅಳ್ಬ್ಯಾಡ, ಬುಡು," ಎಂದಿರಿ. ಮಗಳನ್ನು ಕಳೆದುಕೊಂಡವರು ನೀವು. ಸಮಾಧಾನ ಮಾಡಿಸಿಕೊಂಡವಳು ನಾನು.

ಅವಳನ್ನು ಆ ಬಸ್ಸಿಗೆ ಹತ್ತಿಸಿದ್ದು ಸರಿಯೋ ತಪ್ಪೋ, ಇಂದಿಗೂ ನನಗೆ ತೀರ್ಮಾನವಾಗಿಲ್ಲ. ನಿಮಗೆ ಸುಳ್ಳು ಹೇಳಿದ್ದರ ಬಗ್ಗೆ ತೀರ್ಮಾನಿಸಲು ಏನೂ ಇಲ್ಲ.

ಅವಳು ಬೆಟ್ಟದಪುರದಲ್ಲಿ ಮಹೇಶನನ್ನು ಮದುವೆಯಾದ ಸುದ್ದಿ ಬೇಗನೆ ನಿಮಗೂ ಮುಟ್ಟಿತು. ಮೊದಮೊದಲು ಅವಳು ಫೋನು ಮಾಡಿದಾಗ ನೀವು ಸಿಟ್ಟಿನಿಂದ ಎತ್ತಲಿಲ್ಲ. ಅವಳು ಮಾಡುವುದನ್ನು ನಿಲ್ಲಿಸಿದಳು. ಕೆಲವು ತಿಂಗಳು ಕಳೆದು ನಿಮ್ಮ ಸಿಟ್ಟು ಇಳಿಯುವ ಹೊತ್ತಿಗೆ ನಮ್ಮ ಸಭೆಯ ಉಜ್ಜೀವನ ಕೂಟಗಳು ಬಂದವು.

ಅಲ್ಲಿಯವರೆಗೆ ಹೊರಗಿನಿಂದ ಬರುವ ದೇವಸೇವಕರ ಪ್ರಸಂಗವನ್ನು ಕನ್ನಡಕ್ಕೆ ಹೇಳುತ್ತಿದ್ದವರು ಸ್ಯಾಮುವೇಲ್ ಮೇಷ್ಟ್ರು. ಗಂಟಲು ಕೈಕೊಟ್ಟ ಮೇಲೆ ಅವರೇ ನನ್ನನ್ನು ಆರಿಸಿದರು. ನಾನು ಇಂಗ್ಲಿಷ್ ಎಂ.ಎ. ಮುಗಿಸಿದ್ದೆ, ಸಭೆಯ ಹಿರಿಯರೊಬ್ಬರ ಮಗಳು, ಹೆಚ್ಚು ಮಾತಾಡದವಳು — ಇವಳಿಂದ ಅಪಾಯವಿಲ್ಲ ಎಂದು ಎಲ್ಲರೂ ತಿಳಿದರು. ಮೇಷ್ಟ್ರು ಕಲಿಸಿದ ಮೊದಲ ಪಾಠ, ಬೋಧಕರು 'ನಾನು' ಎಂದರೆ ನೀನೂ 'ನಾನು' ಎನ್ನಬೇಕು. 'ಅವರು ಹೀಗೆ ಹೇಳುತ್ತಿದ್ದಾರೆ' ಎನ್ನಬಾರದು. ಎರಡನೆಯದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: "ಕೊಳಾಯಿ ಇದ್ದಂಗಿರ್ಬೇಕು ಕಣಮ್ಮ ನೀನು. ನೀರು ಬರ್ಬೇಕು, ಕೊಳಾಯಿ ರುಚಿ ಬರ್ಬಾರ್ದು."

ಆ ವರ್ಷ ಬಂದವರು ಎಚ್.ಡಿ. ಕೋಟೆ ದಾರಿಯಾಗಿ ವಯನಾಡಿನಿಂದ ಬಂದ ವಯಸ್ಸಾದ ಅಯ್ಯನವರು. ಮಲಯಾಳ ಅವರ ಮನೆಮಾತು, ಪ್ರಸಂಗ ಇಂಗ್ಲಿಷಿನಲ್ಲಿ. ಎರಡು ಸಂಜೆ ನಾನು ಒಳ್ಳೆಯ ಕೊಳಾಯಿಯಾಗಿದ್ದೆ. ಮೂರನೆಯ ಸಂಜೆ ಪ್ರಸಂಗ ಮುಗಿದ ಮೇಲೆ ಎಂದಿನಂತೆ ಜನ ಒಬ್ಬೊಬ್ಬರಾಗಿ ಮುಂದೆ ಬಂದು ಮೊಣಕಾಲೂರಿದರು. ಅವರು ಹೇಳಿಕೊಂಡದ್ದನ್ನು ನಾನು ಬಗ್ಗಿ ಅಯ್ಯನವರ ಕಿವಿಗೆ ಹೇಳುವುದು, ಅಯ್ಯನವರ ಮಾತನ್ನು ಅವರಿಗೆ ಹೇಳುವುದು, ಆಮೇಲೆ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ. ಹಾಡು ಜೋರಾಗಿರುತ್ತದೆ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಕೇಳುವುದಿಲ್ಲ.

ನೀವು ಬಂದಿರಿ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅಯ್ಯನವರ ಮುಖವನ್ನೇ ನೋಡುತ್ತ ನನಗೆ ಹೇಳಿದಿರಿ: "ಗ್ರೇಸಿ, ಸರ್ಯಾಗ್ ಕೇಳು ಮಗ. ನನ್ ಮಗ್ಳು ಬೆಟ್ಟದಪುರ್ದಲ್ಲವ್ಳೆ. ನಾನಾಗ್ ನಾನೇ ಓಗ್ಲಾ, ಬ್ಯಾಡ್ವಾ? ದೇವ್ರು ಏನಂತಾನೆ ಕೇಳು."

ಅದನ್ನು ಸರಿಯಾಗಿಯೇ ಕೇಳಿದೆ. ಅಯ್ಯನವರು ಕಣ್ಣು ಮುಚ್ಚಿದರು, ತೆರೆದರು, ಆಮೇಲೆ ನಿಮಗೆ — ನನಗಲ್ಲ, ನಿಮಗೇ — ಹೇಳಿದರು. ಸ್ವಲ್ಪ ಉದ್ದವಾಗಿಯೇ ಹೇಳಿದರು. ಹೋಗಿ ಎಂದರು; ಹೇಗೆ ಹೋಗಬೇಕೆಂದೂ ಹೇಳಿದರು; ತಮ್ಮದೇ ಬದುಕಿನ ಒಂದು ಸಂಗತಿಯನ್ನೂ ಹೇಳಿದರು. ಆ ಮಾತುಗಳನ್ನು ಕೊನೆಯಲ್ಲಿ ಬರೆಯುತ್ತೇನೆ.

ಅವರು ಮಾತಾಡುತ್ತಿದ್ದಷ್ಟು ಹೊತ್ತೂ ನನಗೆ ಕಾಣಿಸುತ್ತಿದ್ದದ್ದು ಒಂದೇ: ನೀವು ಆ ಮನೆಯ ಹಜಾರದಲ್ಲಿ ಕೂತಿದ್ದೀರಿ, ಸುನಿ ಅಳುತ್ತ, ನಗುತ್ತ, ಬಸ್ಸಿಗೆ ಹತ್ತಿಸಿದವಳು ಗ್ರೇಸಿಯೇ ಎಂದು ಹೇಳುತ್ತಿದ್ದಾಳೆ. ಅಪ್ಪನಿಗೆ ತಿಳಿಯುತ್ತದೆ. ಸಭೆಗೆ ತಿಳಿಯುತ್ತದೆ. ಈ ಜಾಗದಲ್ಲಿ ನನ್ನನ್ನು ಮತ್ತೆ ನಿಲ್ಲಿಸುವುದಿಲ್ಲ.

"ಹೋಗಬೇಡಿ," ಎಂದೆ. "ಕಾದುಕೊಂಡಿರಿ. ಅವಳಾಗಿಯೇ ಬರುತ್ತಾಳೆ. ಅಲ್ಲಿಯವರೆಗೆ ಪ್ರಾರ್ಥನೆ ಬಿಡಬೇಡಿ."

ನೀವು ತಲೆಯಾಡಿಸಿದಿರಿ. ಮುಖದಲ್ಲಿ ಒಂದು — ನೀವು ಹೋಗಲೆಂದೇ ಸಿದ್ಧವಾಗಿ ಬಂದಿದ್ದಿರಿ ಎನ್ನುವುದು ಆಗ ನನಗೆ ಕಂಡಿತು. ಕಂಡೂ ಸುಮ್ಮನಿದ್ದೆ.

ಮಲಯಾಳಕ್ಕೂ ಕನ್ನಡಕ್ಕೂ ಅಷ್ಟು ದೂರವಿಲ್ಲ. ಯಾವುದೋ ಒಂದು ಪದ ಅಯ್ಯನವರ ಕಿವಿಗೆ ತಾಗಿರಬೇಕು. ನನ್ನ ಕಡೆ ತಿರುಗಿ, ನಾನು ಹೇಳಿದ್ದನ್ನೇ ಹೇಳಿದೆಯಾ ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ. ಅವರು ನಿಮ್ಮ ತಲೆಯ ಮೇಲೆ ಕೈಯಿಟ್ಟರು.

ಅಂದಿನಿಂದ ನೀವು ಕಾಯುತ್ತಿದ್ದೀರಿ. ಕಾಯುವುದನ್ನು ನಿಮ್ಮಷ್ಟು ಅಚ್ಚುಕಟ್ಟಾಗಿ ಮಾಡಿದವರನ್ನು ನಾನು ನೋಡಿಲ್ಲ. ಒಂದು ಫೋನು ಮಾಡಬಾರದೇ ಎಂದು ನಮ್ಮಪ್ಪ ಕೇಳಿದ್ದಕ್ಕೆ, ನಾನು ಕರೆದರೆ ಅವಳಾಗಿ ಬಂದಂತಾಗುವುದಿಲ್ಲ, ಮಾತು ಕೆಡುತ್ತದೆ ಎಂದಿರಿ. ಹೆಣ್ಣು ಮಗುವಾಯಿತೆಂದು ಯಾರೋ ಸುದ್ದಿ ತಂದಾಗ, ರವಿಕೆ ಹೊಲಿದು ಉಳಿದ ಹಳದಿ ಬಟ್ಟೆಯಲ್ಲಿ ಒಂದು ಕುಲಾವಿ ಹೊಲಿದಿರಿ. ಅದನ್ನು ಕೀರ್ತನೆ ಪುಸ್ತಕದ ಜೊತೆ ಚೀಲದಲ್ಲಿ ಇಟ್ಟುಕೊಂಡು ಪ್ರತಿ ಭಾನುವಾರ ಬಂದಿರಿ, ಅವಳು ಬಂದರೆ ಕೈಗೆ ಸಿಗಲಿ ಎಂದು.

ಬುಧವಾರದ ಕೂಟದಲ್ಲಿ ಒಮ್ಮೆ ಮೇರಮ್ಮ ನಿಮ್ಮನ್ನು ಕೆಣಕಿದರು. "ಏನ್ ಶಾಂತಕ್ಕ, ಬೆಟ್ಟದಪುರ ಏನ್ ಸಮುದ್ರದಾಚ್ಗೈತಾ? ಬೆಳಿಗ್ಗೆ ಬಸ್ ಅತ್ತುದ್ರೆ ಊಟದೊತ್ಗೆ ವಾಪಸ್ಸು."

"ಬಸ್ಸೈತೆ ಕಣವ್ವ," ಎಂದಿರಿ ನೀವು. "ಅಪ್ಪಣೆ ಇಲ್ಲ."

"ಅಪ್ಪಣೆ ಬರೋ ಒತ್ಗೆ ನಿನ್ ಮೊಮ್ಮಗ್ಳು ಮದ್ವೆಗ್ ಬಂದಿರ್ತಾಳೆ, ಬುಡು."

ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಾನು ಟೀ ಲೋಟಗಳನ್ನು ಎತ್ತಿಕೊಂಡು ಹೊರಗೆ ಹೋದೆ.

ಇನ್ನೊಂದಿದೆ. ಅದು ಇದಕ್ಕಿಂತ ಕಷ್ಟದ್ದು. ಚರ್ಚಿನಲ್ಲಿ ಹೆಂಗಸರ ಕಡೆಯ ಜಮಖಾನದ ಮೇಲೆ ನಿಮ್ಮ ಎಡಕ್ಕೆ ಸುನಿಯ ಜಾಗವಿತ್ತು. ಅವಳು ಹೋದ ಮೇಲೆ ಅಲ್ಲಿ ನಿಮ್ಮ ಚೀಲ ಇಡುತ್ತಿದ್ದಿರಿ, ಬೇರೆ ಯಾರೂ ಕೂರದ ಹಾಗೆ. ಆ ಕೂಟಗಳು ಮುಗಿದ ಭಾನುವಾರ ನೀವು ಚೀಲ ತೆಗೆದು, ನನ್ನ ಕೈ ಹಿಡಿದೆಳೆದು, "ಸುನಿ ಬರೋಗಂಟ ನೀ ಕೂತ್ಕೊ," ಎಂದಿರಿ. ನನ್ನ ತಾಯಿ ತೀರಿಕೊಂಡಾಗ ನಾನು ಪಿಯುಸಿಯಲ್ಲಿದ್ದೆ. ಆಮೇಲೆ ಚರ್ಚಿನಲ್ಲಿ ನನ್ನ ಪಕ್ಕ ಯಾರು ಕೂರುತ್ತಾರೆಂದು ನಾನು ನೋಡುವುದನ್ನೇ ಬಿಟ್ಟಿದ್ದೆ. ನೀವು ನನ್ನ ಜಡೆ ಸರಿಮಾಡುತ್ತಿದ್ದಿರಿ. ಪ್ರಾರ್ಥನೆ ಉದ್ದವಾದಾಗ ನಿಮ್ಮ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಕ್ರಿಸ್ಮಸ್ಸಿಗೆ ಕಜ್ಜಾಯ ಕೊಡುವಾಗ ಅವಳ ಪಾಲನ್ನೂ ನನಗೇ ಕೊಡುತ್ತಿದ್ದಿರಿ.

ಹೆದರಿಕೆ ಮೊದಲ ವರ್ಷಕ್ಕೇ ಮುಗಿದಿತ್ತು, ಅತ್ತೆ. ಉಳಿದ ವರ್ಷಗಳು ನಾನು ಬಾಯಿ ಮುಚ್ಚಿಕೊಂಡದ್ದು ಈ ಜಾಗಕ್ಕಾಗಿ. ಅವಳು ಬರಲಿ ಎಂದು ನೀವು ಕಣ್ಣು ಮುಚ್ಚಿ ಬೇಡುತ್ತಿದ್ದಾಗ, ಪಕ್ಕದಲ್ಲೇ ಕೂತು ಆಮೆನ್ ಎನ್ನುತ್ತಿದ್ದ ನಾನು — ಆಮೆನ್ ಎನ್ನುತ್ತಿದ್ದೆ, ಅಷ್ಟೇ.

ಹೋದ ವಾರ ಸುನಿಯನ್ನು ನೋಡಿದೆ. ಪಿರಿಯಾಪಟ್ಟಣದ ಕಾಲೇಜಿನಲ್ಲಿ ಪಾಠ ಮುಗಿಸಿಕೊಂಡು ಬಸ್ಸಿಗೆ ನಿಂತಿದ್ದಾಗ, ಯಾರೋ ಹಿಂದಿನಿಂದ ಬಂದು ನನ್ನ ಬ್ಯಾಗು ಜಗ್ಗಿದರು. ಅವಳೇ. ಇಷ್ಟು ವರ್ಷ ಅವಳ ಫೋನು ಬಂದಾಗಲೆಲ್ಲ ಎತ್ತದೆ ಬಿಟ್ಟಿದ್ದೆ.

"ಏನೇ, ಮೇಡಮ್ಮಾಗ್ಬುಟ್ಟು ಫೋನ್ ಎತ್ತಕ್ಕೂ ಕೈ ನೋಯ್ತದಾ?" ಎಂದಳು. ಸಿಟ್ಟಿರಲಿಲ್ಲ. ಏಳು ತಿಂಗಳ ಬಸುರಿ. ಆಸ್ಪತ್ರೆಗೆ ಬಂದಿದ್ದಳಂತೆ. ಸೆರಗು ಹಿಡಿದು ನಿಂತಿದ್ದ ಮೂರು ವರ್ಷದ ಹುಡುಗಿ, ನೀವು ಸಂಡೇ ಸ್ಕೂಲಿನಲ್ಲಿ ನಮಗೆಲ್ಲ ಕಲಿಸಿದ ಕೀರ್ತನೆಯೊಂದನ್ನು ಪದಗಳಿಲ್ಲದೆ ಗುನುಗುತ್ತಿದ್ದಳು. ಹೆಸರು ಕೇಳಿದೆ.

"ಶಾಂತಲಾ ಅಂತ. ಚೆನ್ನಾಗೈತೆ ಅಂತ ನಮ್ಮತ್ತೆನೂ ಒಪ್ಪುದ್ರು. ಯಾರೆಸ್ರು ಅಂತ ನಾ ಏಳಿಲ್ಲ," ಎಂದು ನಕ್ಕಳು.

ಆಮೇಲೆ, ನಾನು ಕೇಳದೆಯೇ ಹೇಳಿದಳು: "ಬಾಣಂತನಕ್ಕಾದ್ರೂ ಅಮ್ಮ ಬತ್ತಾಳೆ ಅಂತ ಬಾಗ್ಲೇ ನೋಡ್ತಿದ್ದೆ ಕಣೆ. ನಮ್ಮತ್ತೆ ಕೆಟ್ಟೋರಲ್ಲ. ನೀರಾಕುದ್ರು, ಸಾಂಬ್ರಾಣಿ ಇಟ್ರು, ಎಲ್ಲಾ ಮಾಡುದ್ರು. ಆದ್ರೂ ಅಮ್ಮನ ಕೈ ಅಲ್ವಲ್ಲ. ನಾನೇ ಓಗನ ಅಂತ ಎರ್ಡ್ ಸಲ ಉಣಸೂರ್ ಬಸ್ ಅತ್ತಿ ಇಳ್ದಿವ್ನಿ. ಫೋನೇ ಎತ್ನಿಲ್ಲ, ಬಾಗ್ಲು ತೆಗ್ದಾಳಾ ಅನ್ನುಸ್ತು." ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಈ ಸಲನಾದ್ರೂ ಬಂದಾಳಾ? ನೀ ಅಲ್ಲೇ ಇದ್ದೀಯಲ್ಲ. ಏನಂತಾಳೆ?"

"ನಿನಗಾಗಿ ಪ್ರಾರ್ಥನೆ ಮಾಡ್ತಿದ್ದಾರೆ," ಎಂದೆ.

"ಪ್ರಾರ್ಥ್ನೆ ಸರಿ ಕಣೆ. ಬತ್ತಾಳಾ?"

ಅವಳ ಬಸ್ಸು ಬಂತು. ಮತ್ತೊಮ್ಮೆ ನನ್ನ ಬಾಯಿಂದ ಬೇರೆಯೇ ಮಾತು ಬಂದಿತ್ತು. ನೀವಿಬ್ಬರೂ ಎರಡು ಊರುಗಳಲ್ಲಿ ಒಬ್ಬರಿಗಾಗಿ ಒಬ್ಬರು ಬಾಗಿಲು ನೋಡುತ್ತಿದ್ದೀರಿ. ನಡುವೆ ಕೂತಿರುವವಳು ನಾನು, ನಿಮ್ಮ ಭುಜಕ್ಕೆ ಭುಜ ತಾಗಿಸಿಕೊಂಡು. ಒಂದು ಬಾಣಂತನವನ್ನು ನಿಮ್ಮಿಬ್ಬರಿಂದಲೂ ಕಸಿದೆ. ಅದನ್ನು ಹಿಂದಕ್ಕೆ ಕೊಡುವ ದಾರಿ ಯಾವುದೂ ಇಲ್ಲ. ಆ ಕುಲಾವಿ ಈಗ ಶಾಂತಲಾಳ ತಲೆಗೆ ಆಗುವುದಿಲ್ಲ. ಇನ್ನೆರಡು ತಿಂಗಳಿಗೆ ಬರುವ ಮಗುವಿಗೆ ಆಗುತ್ತದೆ. ಇಷ್ಟು ಹೇಳುವ ಹಕ್ಕೂ ನನಗಿದೆಯೋ ಇಲ್ಲವೋ ಗೊತ್ತಿಲ್ಲ.

ಈ ವರ್ಷದ ಕೂಟಗಳಿಗೆ ಮತ್ತೆ ನಿಲ್ಲಬೇಕೆಂದು ಹಿರಿಯರು ಕೇಳಿದರು. ಆಗುವುದಿಲ್ಲ ಎಂದೆ. ಕಾರಣವನ್ನು ಮೊದಲು ನಿಮಗೆ ಹೇಳಿ, ಆಮೇಲೆ ಅಪ್ಪನಿಗೆ, ಆಮೇಲೆ ಬುಧವಾರದ ಕೂಟದಲ್ಲಿ ಎದ್ದುನಿಂತು ಹೇಳುತ್ತೇನೆ. ನಿಮ್ಮ ಸಾಕ್ಷಿಯಲ್ಲಿದ್ದ ಸುಳ್ಳು ನಿಮ್ಮ ಮೇಲೆ ಬರಬಾರದು. ಸುಳ್ಳಾಡಿದವಳು ಯಾರೆಂದು ತಿಳಿಯಬೇಕು.

ನಾಳೆ ನಾನು ನಿಮ್ಮ ಪಕ್ಕದಲ್ಲಿ ಕೂರುವುದಿಲ್ಲ. ಹಿಂದೆ, ಬಾಗಿಲ ಬಳಿ ಇರುತ್ತೇನೆ. ಸೋಮವಾರ ಕಾಲೇಜಿಗೆ ರಜೆ ಹಾಕಿದ್ದೇನೆ. ನೀವು ಬಾ ಎಂದರೆ ಬಸ್ ಸ್ಟ್ಯಾಂಡಿನವರೆಗೆ ಚೀಲ ಹಿಡಿದು ಬರುತ್ತೇನೆ. ಬೇಡವೆಂದರೆ ಬರುವುದಿಲ್ಲ. ಕ್ಷಮಿಸಿ ಎಂದು ಇಲ್ಲಿ ಬರೆಯುವುದಿಲ್ಲ, ಅತ್ತೆ. ಬರೆದರೆ ನೀವು ಕ್ಷಮಿಸಿಬಿಡುತ್ತೀರಿ. ಅವತ್ತು ಬಾಗಿಲಲ್ಲಿ ಮಾಡಿದ ಹಾಗೆ, ನನ್ನ ತಲೆಯನ್ನು ಎದೆಗೆ ಒತ್ತಿಕೊಂಡುಬಿಡುತ್ತೀರಿ.

ಈಗ, ಆ ಸಂಜೆ ಅಯ್ಯನವರು ನಿಮಗೆ ಹೇಳಿದ್ದು. ಒಂದು ಮಾತೂ ಬಿಡದೆ ನೆನಪಿದೆ. ಮೇಷ್ಟ್ರು ಕಲಿಸಿದಂತೆಯೇ ಹೇಳುತ್ತಿದ್ದೇನೆ. ಇದರಲ್ಲಿ 'ನಾನು' ಎಂದರೆ ಅವರು.

"ನಾಳೆ ಮೊದಲನೆಯ ಬಸ್ಸಿಗೇ ಹೋಗಿ, ತಾಯಿ. ಉಪದೇಶ ಒಯ್ಯಬೇಡಿ, ತಿನ್ನುವುದಕ್ಕೆ ಏನಾದರೂ ಒಯ್ಯಿರಿ. ಅವಳು ಕ್ಷಮೆ ಕೇಳಲಿ ಎಂದು ಹೊಸ್ತಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗಿ. ನನಗೂ ಒಬ್ಬ ಮಗನಿದ್ದ. ಅವನಾಗಿಯೇ ಬರಲಿ ಎಂದು ನಾನು ಕಾದೆ."