ಬಡತನ ನೋಡಲು ಬಂದವರಿಗೆ ಕೇಸರಿಬಾತ್

ಕಳೆದ ತಿಂಗಳು ಗುಬ್ಬಿಯಲ್ಲಿರುವ ನನ್ನ ತಂಗಿಯ ಮನೆಗೆ ಒಬ್ಬರು ಬಡತನ ನೋಡಲು ಬಂದಿದ್ದರು.

ನನ್ನ ತಂಗಿ ಅವರಿಗೆ ಕೇಸರಿಬಾತ್ ಕೊಟ್ಟಳು. ಜೊತೆಗೆ ಖಾರಾಬಾತ್. ಆಮೇಲೆ ಗಟ್ಟಿ ಹಾಲಿನ ಕಾಫಿ. ಹೊರಡುವಾಗ ಎಲೆ ಅಡಿಕೆ, ಬಾಳೆಹಣ್ಣು, ಕಡಬದ ನೆಂಟರು ಕಳಿಸಿದ್ದರಲ್ಲಿ ಉಳಿದಿದ್ದ ಎರಡು ತೆಂಗಿನಕಾಯಿ.

ಬಂದವರು ತಿಂದರು, ಕುಡಿದರು, ಕೈ ಮುಗಿದರು. ಹೋಗಿ ರಿಪೋರ್ಟ್ ಬರೆದರು. 'ಕುಟುಂಬವು ಅನುಕೂಲಸ್ಥವಾಗಿದೆ. ನೆರವಿನ ಅಗತ್ಯ ಕಂಡುಬರುವುದಿಲ್ಲ.'

ನಗು ಬಂತಾ? ನನಗೆ ಬರಲಿಲ್ಲ. ಆ ರಿಪೋರ್ಟಿನ ಮೇಲೆ ತಂಗಿಯ ಮಗಳ ನರ್ಸಿಂಗ್ ಓದು ನಿಂತಿತ್ತು.

ತಂಗಿಯ ಹೆಸರು ನಾಗರತ್ನ. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. 'ಬರಿ, ಆದ್ರೆ ಕೇಸರಿಬಾತ್ ಚೆನ್ನಾಗಿತ್ತು ಅಂತಾನೂ ಬರಿ' ಅಂದಳು. ಚೆನ್ನಾಗಿತ್ತಂತೆ.) ಅವಳ ಗಂಡ ಮಹೇಶ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸಗಾರ. ಹೋದ ದಿನಕ್ಕೆ ಸಂಬಳ, ಹೋಗದ ದಿನಕ್ಕೆ ಇಲ್ಲ. ಶಿಫ್ಟ್ ಮುಗಿಸಿ ಬರುವಾಗ ಬೈಕ್ ಸ್ಕಿಡ್ ಆಗಿ ಬಿದ್ದ. ಕಾಲಿಗೆ ರಾಡು ಹಾಕಿದರು. ಆಪರೇಷನ್ ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಆಯಿತು, ಪುಣ್ಯ. ಆದರೆ ಆಮೇಲೆ ಮನೆಯಲ್ಲಿ ಕೂತ ಐದು ತಿಂಗಳಿಗೆ ಯಾವ ಕಾರ್ಡೂ ಇರಲಿಲ್ಲ. ನಾಗರತ್ನಳ ಹೊಲಿಗೆ ಮೆಷಿನ್ ಒಂದೇ ಮನೆ ನಡೆಸುತ್ತಿತ್ತು.

ಕಾಲು ಮುರಿದದ್ದು ನನಗೆ ಗೊತ್ತಿತ್ತು. ಹಣ್ಣು ಹಿಡಿದು ಹೋಗಿ ನೋಡಿಕೊಂಡೂ ಬಂದಿದ್ದೆ. ಅಡುಗೆಮನೆಯ ಡಬ್ಬಿಗಳು ಖಾಲಿಯಾದದ್ದು ಗೊತ್ತಿರಲಿಲ್ಲ. ಫೋನ್ ಮಾಡಿದಾಗಲೆಲ್ಲ ಅವಳದು ಒಂದೇ ಉತ್ತರ. 'ಚೆನ್ನಾಗಿದೀವಿ ಕಣಕ್ಕ.'

ಒಂದು ಭಾನುವಾರ ಅವಳ ಮಗಳು ಸಿಂಚನ ತುಮಕೂರು ಬಟವಾಡಿಯ ನಮ್ಮ ಮನೆಗೆ ಬಂದಳು. ತುಮಕೂರಿನಲ್ಲೇ ನರ್ಸಿಂಗ್ ಎರಡನೇ ವರ್ಷ ಓದುತ್ತಿರುವ ಹುಡುಗಿ. ಕಾಫಿ ಕುಡಿಯುತ್ತಾ ಕೇಳಿದಳು:

'ದೊಡ್ಡಮ್ಮ, ನಿಮ್ಮ ರೋಡಲ್ಲಿ ಇಷ್ಟೊಂದು ಕ್ಲಿನಿಕ್ ಇದಾವಲ್ಲ, ಯಾವ್ದ್ರಲ್ಲಾದ್ರೂ ನನ್ನ ಕೆಲ್ಸಕ್ಕೆ ತಗೋತಾರಾ?'

'ಓದ್ತಾ ಇದೀಯಲ್ಲೇ?'

'ಫೀಸ್ ಕಟ್ಟಿದ್ರೆ ತಾನೇ ಪರೀಕ್ಷೆಗೆ ಕೂರ್ಸೋದು? ನಾನ್ ಹೇಳ್ದೆ ಅಂತ ಅಮ್ಮಂಗೆ ಹೇಳ್ಬೇಡಿ.'

ಅವಳು ಗೇಟು ದಾಟುವ ಮೊದಲೇ ನಾನು ಅವಳ ಅಮ್ಮನಿಗೆ ಫೋನ್ ಮಾಡಿದ್ದೆ. (ಇಂಥ ಮಾತುಗಳನ್ನು ಉಳಿಸಿಕೊಳ್ಳುವ ಅಭ್ಯಾಸ ನನಗಿಲ್ಲ.) ನಾನೇ ಫೀಸ್ ಕೊಡುತ್ತೇನೆ ಎಂದೆ. ನಾಗರತ್ನ ಒಪ್ಪಲಿಲ್ಲ.

'ನೀನ್ ಕೊಟ್ರೆ ನಾಳೆ ನಾನ್ ನಿಮ್ಮನೆಗೆ ತಲೆ ಎತ್ಕೊಂಡ್ ಬರಕಾಗ್ತದಾ? ಬುಡಕ್ಕ.'

ನಿಜ ಹೇಳಬೇಕೆಂದರೆ ಪೂರ್ತಿ ಕೊಡುವ ಶಕ್ತಿ ನನಗೂ ಇರಲಿಲ್ಲ. ಆದರೆ ಅವಳು ಬೇಡ ಅಂದದ್ದಕ್ಕೆ ಸಿಟ್ಟು ಮಾತ್ರ ಚೆನ್ನಾಗಿಯೇ ಬಂತು. ಆ ಸಿಟ್ಟಿನಲ್ಲೇ ಹುಡುಕಾಟ ಶುರು ಮಾಡಿದೆ.

ನೀವು ಯಾವತ್ತಾದರೂ ಸಹಾಯ ಹುಡುಕಿದ್ದೀರಾ? ಅದು ಒಂದು ಫುಲ್ ಟೈಮ್ ಕೆಲಸ. ಮೊದಲು ವಿದ್ಯಾರ್ಥಿವೇತನ ನೋಡಿದೆ. ಅರ್ಜಿ ಹಾಕುವ ಕೊನೆಯ ದಿನ ಯಾವತ್ತೋ ಮುಗಿದಿತ್ತು. ತಪ್ಪು ನಮ್ಮದೇ, ಕಷ್ಟ ಬಂದ ದಿನವೇ ಕೇಳಬೇಕಿತ್ತು. ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರ ಮುಂದೆ ಕೂತೆ. ಪಾಪ, ಅವರು ಮೂರು ವಾರ ಗಡುವು ಕೊಟ್ಟರು. ಪರಿಚಯದ ಇಬ್ಬರು ದೊಡ್ಡ ಮನುಷ್ಯರು 'ನೋಡೋಣ' ಎಂದರು. ಅವರು ಇನ್ನೂ ನೋಡುತ್ತಿದ್ದಾರೆ.

ಕೊನೆಗೆ ದಾರಿ ಹೇಳಿದವನು ಯಾರು ಗೊತ್ತಾ? ಬಟವಾಡಿಯ ಜೆರಾಕ್ಸ್ ಅಂಗಡಿಯ ಇಮ್ತಿಯಾಜ್. ನಾನು ಮಹೇಶನ ಡಿಸ್ಚಾರ್ಜ್ ಚೀಟಿ, ಸಿಂಚನಳ ಮಾರ್ಕ್ಸ್ ಕಾರ್ಡು ಎಲ್ಲ ಮೂರು ಮೂರು ಕಾಪಿ ತೆಗೆಸುವುದನ್ನು ನೋಡಿ ಅವನೇ ಕೇಳಿದ. 'ಮೇಡಂ, ಓದೋ ಮಕ್ಳಿಗೆ ಕೊಡೋ ಟ್ರಸ್ಟ್ ಒಂದೈತೆ, ಅಲ್ಲಿ ಟ್ರೈ ಮಾಡಿದ್ರಾ?' ಊರಿನ ಎಲ್ಲ ಅರ್ಜಿಗಳೂ ಅವನ ಕೈ ಮೂಲಕವೇ ಹಾದುಹೋಗುತ್ತವೆ. ಯಾವುದು ಪಾಸಾಗುತ್ತದೆ, ಯಾವುದು ವಾಪಸ್ ಬರುತ್ತದೆ, ಅವನಿಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು?

ಟ್ರಸ್ಟ್ ಸಣ್ಣದು. (ಹೆಸರು ಹಾಕಬೇಡಿ ಎಂದಿದ್ದಾರೆ.) ಕಷ್ಟಕ್ಕೆ ಬಿದ್ದ ಮನೆಯ ಮಕ್ಕಳ ಫೀಸನ್ನು ನೇರವಾಗಿ ಕಾಲೇಜಿಗೆ ಕಟ್ಟುತ್ತಾರೆ. ಅದಕ್ಕೆ ಮೊದಲು ಒಬ್ಬರು ಮನೆಗೆ ಬಂದು ನೋಡುತ್ತಾರೆ. ಅರ್ಜಿ ಹಾಕಿದೆ. ಸೋಮವಾರ ಬೆಳಿಗ್ಗೆ ಬರುತ್ತಾರೆಂದು ನಾಗರತ್ನಳಿಗೆ ಹೇಳಿದೆ. ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. 'ಮನೆ ಸ್ವಲ್ಪ ನೀಟಾಗಿಟ್ಕೊಳ್ಳೇ' ಅಂತ ಬೇರೆ ಸೇರಿಸಿದೆ!

ನೀಟಾಗಿಟ್ಟಳು. ಹೆಣ್ಣು ನೋಡಲು ಗಂಡಿನ ಕಡೆಯವರು ಬರುವಾಗ ನಡೆಯುವ ತಯಾರಿಯೆಲ್ಲ ನಡೆಯಿತು. ಬಾಗಿಲಿಗೆ ರಂಗೋಲಿ ಬಿತ್ತು. ಪಕ್ಕದ ಮನೆಯ ಪುಷ್ಪ ಎರಡು ಕುಶನ್ ಕುರ್ಚಿ ಕಳಿಸಿದಳು. (ಅವಳ ಗಂಡನದು ಮೊಬೈಲ್ ಅಂಗಡಿ. ಆ ಬೀದಿಯಲ್ಲಿ ಅನುಕೂಲಸ್ಥರೆಂದರೆ ಅವರೇ.) ಮಹೇಶ ಶೇವ್ ಮಾಡಿಕೊಂಡು, ವಿಭೂತಿ ಇಟ್ಟು, ಇಸ್ತ್ರಿ ಶರ್ಟ್ ಹಾಕಿ ಕೂತ. ರಾಡು ಹಾಕಿದ ಕಾಲಿನ ಮೇಲೆ ಹೊಸ ಬೆಡ್‌ಶೀಟ್. ವಾಕರ್ ಬಾಗಿಲ ಹಿಂದೆ. ನಾಗರತ್ನ ತನ್ನ ಒಂದೇ ರೇಷ್ಮೆ ಸೀರೆ ಉಟ್ಟಳು.

ಬಂದವರು ಕುಣಿಗಲ್ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ಟ್ರಸ್ಟಿಗಾಗಿ ಸಂಬಳವಿಲ್ಲದೆ ಬಸ್ಸಿನಲ್ಲಿ ಓಡಾಡುವವರು. 'ಕಾಲು ಹೆಂಗಿದೆಯಪ್ಪ?' ಎಂದು ಕೇಳಿದ್ದಾರೆ. 'ಆರಾಮ್ ಸಾರ್, ಬರೋ ವಾರ ಡ್ಯೂಟಿಗೆ ಹೋಯ್ತೀನಿ' ಎಂದಿದ್ದಾನೆ ಮಹೇಶ. 'ಸಂಸಾರಕ್ಕೆ ತೊಂದ್ರೆ ಏನಾದ್ರೂ?' ಎಂದಿದ್ದಾರೆ. 'ಏನೂ ತೊಂದ್ರೆ ಇಲ್ಲ ಸಾರ್. ಇನ್ನೊಂಚೂರು ಕೇಸರಿಬಾತ್ ಹಾಕ್ಲಾ?' ಎಂದಿದ್ದಾಳೆ ನನ್ನ ತಂಗಿ.

ರಿಪೋರ್ಟ್ ಏನಾಯಿತೆಂದು ಆಗಲೇ ಹೇಳಿದೆನಲ್ಲ.

ಫೋನಿನಲ್ಲಿ ಕೂಗಾಡಿದೆ. 'ತಲೆ ಕೆಟ್ಟಿದ್ಯೇನೇ ನಿಂಗೆ? ಅವ್ರು ಬಂದಿದ್ದು ನಿನ್ ಕಷ್ಟ ನೋಡಕ್ಕೆ ಕಣೇ!'

'ಮನೆಗ್ ಬಂದೋರ ಮುಂದೆ ಕಷ್ಟ ಹರವ್ಕೊಂಡ್ ಕೂತ್ಕೊಳಕಾಗ್ತದಾ ಅಕ್ಕ? ನಮ್ಮವ್ವ ಹಂಗ್ ಕಲ್ಸಿದ್ಲಾ?'

ನಾನು ಫೋನ್ ಇಟ್ಟೆ.

ಯೋಚಿಸಿ ನೋಡಿ. ಸಾಲ ಕೇಳಲು ಹೋಗುವಾಗ ನಾವು ಬಳೆ, ಸರ ಎಲ್ಲ ಹಾಕಿಕೊಂಡು ಹೋಗುತ್ತೇವೆ. ಇದ್ದವರಂತೆ ಕಂಡರೆ ತಾನೇ ಸಾಲ ಹುಟ್ಟುವುದು? ಆಸ್ಪತ್ರೆಗೂ ಒಳ್ಳೆ ಬಟ್ಟೆ ಹಾಕಿಕೊಂಡೇ ಹೋಗುತ್ತೇವೆ, ಡಾಕ್ಟರು ಮರ್ಯಾದೆ ಕೊಟ್ಟು ಮಾತಾಡಲಿ ಅಂತ. ಹುಟ್ಟಿದಾಗಿನಿಂದ ಚೆನ್ನಾಗಿರುವಂತೆ ಕಾಣುವುದನ್ನೇ ಕಲಿತ ಹೆಂಗಸಿಗೆ ಒಂದು ಸೋಮವಾರ ಇದ್ದಕ್ಕಿದ್ದಂತೆ 'ಇವತ್ತು ಬಡವಳಂತೆ ಕಾಣು' ಎಂದರೆ ಅವಳಾದರೂ ಏನು ಮಾಡಬೇಕು? ಮತ್ತೆ ಇನ್ನೊಂದು ಪ್ರಶ್ನೆ. ಕಷ್ಟದಲ್ಲಿರುವವರ ಬಾಗಿಲಲ್ಲಿ ರಂಗೋಲಿ ಇರಬಾರದು ಅಂತ ಯಾರು ಹೇಳಿದ್ದು?

ಈ ಪ್ರಶ್ನೆಗಳನ್ನು ಕಟ್ಟಿಕೊಂಡು ಟ್ರಸ್ಟಿನ ಆಫೀಸಿಗೆ ಹೋದೆ. ಅಷ್ಟರಲ್ಲಿ ಗಡುವು ಮುಗಿಯಲು ಎಂಟು ದಿನ ಉಳಿದಿತ್ತು. ಮೇಷ್ಟ್ರು ಅಲ್ಲೇ ಇದ್ದರು. ಜಗಳಕ್ಕೆ ಸಿದ್ಧಳಾಗಿ ಹೋದವಳನ್ನು ಕೂರಿಸಿ ನೀರು ಕೊಟ್ಟರು.

'ನಂಗೂ ಅನುಮಾನ ಬಂತು ತಾಯಿ. ಬಾಗ್ಲ ಹಿಂದೆ ವಾಕರ್ ಕಾಣ್ತಿತ್ತು. ಆದ್ರೆ ಆ ಹೆಣ್ಣುಮಗಳು ತೊಂದ್ರೆನೇ ಇಲ್ಲ ಅಂದ್ಬಿಟ್ರಲ್ಲ. ಇಲ್ಲ ಅಂದೋರ್ ಮನೇಲಿ ನಾನ್ ಹೆಂಗೆ ಇದೆ ಅಂತ ಬರೀಲಿ? ನಾಳೆನೇ ಇನ್ನೊಂದ್ಸಲ ಬರ್ತೀನಿ. ಅವ್ರೇ ಬಾಯ್ಬಿಟ್ಟು ಹೇಳ್ಲಿ.'

ಮಾರನೇ ದಿನ ನಾನು ಮೊದಲ ಬಸ್ಸಿಗೇ ಗುಬ್ಬಿಗೆ ಹೋದೆ. ಪುಷ್ಪಳ ಕುರ್ಚಿಗಳು ವಾಪಸ್ ಹೋಗಿದ್ದವು. ವಾಕರ್ ನಡುಮನೆಗೆ ತಂದಿಟ್ಟೆ. ರೇಷ್ಮೆ ಸೀರೆ ಮುಟ್ಟಕೂಡದು, ಒಲೆ ಹಚ್ಚಕೂಡದು ಎಂದು ಆರ್ಡರ್ ಮಾಡಿದೆ. ಮೇಷ್ಟ್ರು ಬಂದು ಚಾಪೆಯ ಮೇಲೆ ಕೂತರು. ನಾನು ಶುರು ಮಾಡಿದೆ. ಕಾಲು, ರಾಡು, ಐದು ತಿಂಗಳು, ಖಾಲಿ ಡಬ್ಬಿ. ಲಾಯರು ಸೋಲಬೇಕು, ಹಾಗೆ ವಾದ ಮಾಡುತ್ತಿದ್ದೆ. ಮಹೇಶ ತಲೆ ತಗ್ಗಿಸಿದ್ದ.

'ಸಾಕು ಸುಮ್ಕಿರಕ್ಕ' ಎಂದಳು ನಾಗರತ್ನ.

ಮೆಷಿನ್ ಬಿಟ್ಟು ಎದ್ದು ಬಂದಳು. ಸೆರಗು ಸರಿಮಾಡಿಕೊಂಡು ಮೇಷ್ಟ್ರ ಎದುರು ನೆಟ್ಟಗೆ ನಿಂತಳು.

'ಸಾರ್, ಅವತ್ತು ನೀವ್ ಕೂತಿದ್ದ ಕುರ್ಚಿ ಪಕ್ಕದ್ಮನೇದು. ಕೇಸರಿಬಾತ್ ನಮ್ದೇ. ಇವ್ರಿಗೆ ಇನ್ನೂ ಮೂರು ತಿಂಗ್ಳು ಕೆಲ್ಸಕ್ಕೋಗಕಾಗಲ್ಲ. ನನ್ ಹೊಲಿಗೇಲಿ ಊಟಕ್ಕಾಯ್ತದೆ, ಫೀಸಿಗಾಗಲ್ಲ. ನನ್ ಮಗಳು ಚೆನ್ನಾಗ್ ಓದ್ತಾಳೆ, ಅವಳ ಓದು ನಿಲ್ಬಾರ್ದು. ಅದುಕ್ಕೆ ಕೇಳ್ತಾ ಇದೀನಿ.'

ಕಣ್ಣೀರಿಲ್ಲ, ಕೈ ಮುಗಿಯಲಿಲ್ಲ, ದನಿ ಕೂಡ ನಡುಗಲಿಲ್ಲ. ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಹಾಯ ಕೇಳಿದರೆ ಮನುಷ್ಯ ಸಣ್ಣವನಾಗುತ್ತಾನೆ ಅಂತ ನಾನೂ ನಂಬಿದವಳೇ. ಆದರೆ ಆ ನಡುಮನೆಯಲ್ಲಿ ಅವತ್ತು ಎಲ್ಲರಿಗಿಂತ ಎತ್ತರ ಕಂಡವಳು ನನ್ನ ತಂಗಿ. ನಾನು ಹೆಮ್ಮೆ ಪಟ್ಟೆ. ಇವಳು ನನ್ನ ಒಡಹುಟ್ಟಿದವಳು ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಬೇಕು ಅನ್ನಿಸಿತು.

ಮೇಷ್ಟ್ರು ಬರೆದುಕೊಂಡರು. ಬರೆಯುತ್ತಲೇ ಕೇಳಿದರು. 'ಕಾಫಿ ಇಲ್ವಾಮ್ಮ ಇವತ್ತು?'

ನಾಗರತ್ನ ನನ್ನ ಕಡೆ ಒಂದು ನೋಟ ಬೀರಿ ಒಳಗೆ ಹೋದಳು. ನನ್ನ ಆರ್ಡರ್ ಅಲ್ಲಿಗೆ ಕ್ಯಾನ್ಸಲ್.

ಗಡುವಿಗೆ ಎರಡು ದಿನ ಮೊದಲು ಟ್ರಸ್ಟಿನವರು ಕಾಲೇಜಿಗೆ ಫೀಸ್ ಕಟ್ಟಿದರು. ಸಿಂಚನ ಪರೀಕ್ಷೆ ಬರೆದಳು. (ನನ್ನ ಚಾಡಿಯನ್ನು ಅವಳು ಇನ್ನೂ ಕ್ಷಮಿಸಿಲ್ಲ.) ನೀವೂ ಕೇಳಬೇಕಾದ ದಿನ ಬಂದರೆ ಬೇಗ ಕೇಳಿ. ಕಾಲೇಜಿನಲ್ಲಿ ಕೇಳಿ, ಆಸ್ಪತ್ರೆಯಲ್ಲಿ ಕೇಳಿ, ಎಲ್ಲೂ ಗೊತ್ತಾಗದಿದ್ದರೆ ಜೆರಾಕ್ಸ್ ಅಂಗಡಿಯಲ್ಲಿ ಕೇಳಿ.

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮೊನ್ನೆ ಗುಬ್ಬಿಗೆ ಹೋದಾಗ ಪಕ್ಕದ ಮನೆಯ ಪುಷ್ಪ ಬಂದಳು. ಅದೇ, ಕುರ್ಚಿಯ ಪುಷ್ಪ. ಬಾಗಿಲಲ್ಲೇ ನಿಂತು ಅದೂ ಇದೂ ಮಾತಾಡಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು.

'ನಮ್ಮೋರು ಅಂಗ್ಡಿ ಮುಚ್ಚಿ ಮೂರ್ ತಿಂಗ್ಳಾಯ್ತು ರತ್ನಕ್ಕ. ಬೇರೆ ಕಡೆ ಶಿಫ್ಟ್ ಮಾಡ್ತಿದೀವಿ ಅಂತ ಎಲ್ರಿಗೂ ಸುಳ್ಳೇಳ್ಕೊಂಡಿದೀನಿ. ಹುಡ್ಗನ ಕಾಲೇಜ್ ಫೀಸ್ ಕಟ್ಟಿಲ್ಲ. ಆ ಮೇಷ್ಟ್ರ ನಂಬರ್ ಇದ್ರೆ ಕೊಡ್ತೀರಾ?'

ನಾಗರತ್ನ ಅವಳ ಕೈ ಹಿಡಿದು ಒಳಗೆ ಕರೆದು ಕೂರಿಸಿದಳು.

'ಕೊಡ್ತೀನಿ ಕಣೇ. ಆದ್ರೆ ಅವ್ರು ನಿಮ್ಮನೆಗೆ ಬರೋ ದಿನ ಆ ಎರಡೂ ಕುರ್ಚಿ ನಮ್ಮನೇಲಿರ್ಲಿ.'