ಬಚ್ಚಲ ಮೇಲಿನ ಆಕಾಶ

ಬೆಳಗಿನ ಬಿಸಿಲು ಇನ್ನೂ ಕಬ್ಬಿನ ಗರಿಗೆ ತಾಗಿರಲಿಲ್ಲ. ದಾನೇಶ್ವರಿ ತಗಡಿನ ಶೆಡ್ಡಿನಲ್ಲಿ ಡ್ರೋನಿನ ಮುಂದೆ ಕೂತು, ಔಷಧ ಸಿಂಪಡಿಸುವ ನಳಿಕೆಗಳನ್ನು ಬಿಚ್ಚಿ ತೊಳೆದಳು, ಸೆರಗಿನಿಂದ ಒರೆಸಿ ಮತ್ತೆ ಜೋಡಿಸಿದಳು. ಹಾರಿಸುವ ಹಾಗಿರಲಿಲ್ಲ. ರಿಮೋಟು ಮಹಿಳಾ ಸಂಘದ ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಸಂಘದ ಅಧ್ಯಕ್ಷೆ ಶೈಲಾಳ ಸೊಂಟದಲ್ಲಿತ್ತು. ಆದರೂ ತೊಳೆದಳು. ಆಮೇಲೆ ಫೋನು ತೆಗೆದು ಸರ್ಕಾರದ ನಕಾಶೆ ನೋಡಿದಳು. ತನ್ನೂರು ಕೌಜಲಗಿಯ ಮೇಲಿನ ಆಕಾಶ ಅದರಲ್ಲಿ ಹಸಿರಾಗಿತ್ತು. ಹಸಿರೆಂದರೆ ಹಾರಿಸಲು ಮೇಲಿನವರ ಅಪ್ಪಣೆ ಬೇಕಿಲ್ಲ.

ಅವಳ ಅಪ್ಪ ಅಣ್ಣಪ್ಪ ಮನೆಗಳ ಚಪ್ಪಟೆ ಮಾಳಿಗೆಗಳಿಗೆ ಮಳೆ ಸೋರದಂತೆ ಮಣ್ಣು ಹಾಕುವ ಕೆಲಸ ಮಾಡುತ್ತಿದ್ದ. ಮಳೆಗಾಲಕ್ಕೆ ಮೊದಲು ಊರಿನ ಮಣ್ಣಿನ ಮಾಳಿಗೆಗಳೆಲ್ಲ ಅವನ ಕಾಲಡಿ ಬರುತ್ತಿದ್ದವು. ಹುಡುಗಿಯರು ಏಣಿ ಹತ್ತಬಾರದು ಎಂದು ಅವ್ವ ಬಿಡುತ್ತಿರಲಿಲ್ಲ. ದಾನೇಶ್ವರಿ ಕೆಳಗೆ ನಿಂತು ಕೇಳುತ್ತಿದ್ದಳು:

"ಮ್ಯಾಲಿಂದ ಏನ್ ಕಾಣ್ತೈತಿ ಅಪ್ಪಾ?"

"ನಿಮ್ಮವ್ವ ಇನ್ನೂ ರೊಟ್ಟಿ ಬಡಿಯಾಕ ಕುಂತಿಲ್ಲ ಅನ್ನೂದ ಕಾಣ್ತೈತಿ."

ಮೇಲಿನಿಂದ ಕಾಣುವ ಊರು ಅವಳಿಗೆ ಅನೇಕ ವರ್ಷ ಕನಸಿನಲ್ಲಷ್ಟೇ ಬರುತ್ತಿತ್ತು. ಆ ಕನಸಿನಲ್ಲಿ ಓಣಿಗಳು ನೀರಿನಂತೆ ಹರಿಯುತ್ತಿದ್ದವು, ಮನೆಗಳು ಮೆಲ್ಲಗೆ ತೇಲುತ್ತಿದ್ದವು. ಸಂಘಕ್ಕೆ ಡ್ರೋನು ಬಂದಾಗ ತರಬೇತಿಗೆ ಯಾರು ಹೋಗುತ್ತೀರಿ ಎಂದು ಶೈಲಾ ಕೇಳಿದಳು. ಮೊದಲು ಕೈ ಎತ್ತಿದವಳು ದಾನೇಶ್ವರಿ. ಪೈಲಟ್ ಪ್ರಮಾಣಪತ್ರ ಹಿಡಿದು ಬಂದಾಗ ಅವಳಿಗೆ ಮೂವತ್ನಾಲ್ಕು ವರ್ಷ.

ಕಳೆದ ವಾರ ಊರಂಚಿನ ಅಕ್ಕವ್ವನ ಅರ್ಧ ಕಬ್ಬಿಗೆ ಔಷಧ ಹೊಡೆದು ಮುಗಿಸಿದಳು. ಖಾಲಿ ಡ್ರೋನನ್ನು ಹೊಲದ ದಾರಿಯಲ್ಲಿ ಸುತ್ತಿಸಿ ತರುವ ಬದಲು ಕಡೆಯ ಓಣಿಯ ಮೇಲಿಂದ ನೇರ ತಂದಳು. ಆಗ ರಿಮೋಟಿನ ಪರದೆಯಲ್ಲಿ ಏನೋ ಕಂಡಿತು. ಕೆಂಪು, ಹಸಿರು, ಅರಿಶಿನ ಬಣ್ಣದ ತುಂಡು ತುಂಡು ಹೊಲಗಳು. ನಡುವೆ ಬಿಳಿ ಬದುಗಳು, ಬದುವಿನ ಗುಂಟ ಸಣ್ಣ ಸಣ್ಣ ಹೆಜ್ಜೆಗಳು. ಇದು ಯಾವ ಊರು ಎಂದು ಅವಳಿಗೆ ಹೊಳೆಯಲಿಲ್ಲ. ಬೆರಳು ತಾನಾಗಿ ಡ್ರೋನನ್ನು ನಿಲ್ಲಿಸಿತು. ನೋಡುತ್ತ ನೋಡುತ್ತ ತಿಳಿಯಿತು: ಮಾಳಿಗೆಯ ಮೇಲೆ ಒಣಗಲು ಹಾಸಿದ ಕೌದಿ. ಹಳೆ ಸೀರೆಗಳ ತುಂಡು, ಅದರ ಮೇಲೆ ಕೈಹೊಲಿಗೆಯ ಬಿಳಿ ಸಾಲು.

ಆ ಮಾಳಿಗೆಗೆ ಹೊಂದಿ, ಕೆಳಗೆ ಹಿತ್ತಲಲ್ಲಿ, ಸೂರಿಲ್ಲದ ಬಚ್ಚಲಿತ್ತು. ಅದರೊಳಗಿಂದ ಒಂದು ತಂಬಿಗೆ ಮೇಲಕ್ಕೆ ಹಾರಿ ಬಂತು. ಡ್ರೋನಿಗೆ ತಾಗಲಿಲ್ಲ, ಪಕ್ಕದ ಮನೆಯ ಎಮ್ಮೆಗೆ ಬಿತ್ತು.

ಬಚ್ಚಲಲ್ಲಿದ್ದವಳು ಇಂದ್ರವ್ವ, ಎಪ್ಪತ್ತು ದಾಟಿದ ಒಂಟಿ ಹೆಂಗಸು. ಮೈ ಒರೆಸಿಕೊಂಡು, ಇಳಕಲ್ ಸೀರೆ ಉಟ್ಟು, ಮೂಡಲಗಿಯ ಬಸ್ಸು ಹತ್ತಿ ಠಾಣೆಗೆ ಹೋದಳು. ಮರುದಿನ ದಾನೇಶ್ವರಿಗೂ ಶೈಲಾಗೂ ಠಾಣೆಯಿಂದ ಕರೆ ಬಂತು; ಹೋದಾಗ ಇಂದ್ರವ್ವನೂ ಅಲ್ಲೇ ಕೂತಿದ್ದಳು.

ಸಬ್‌ಇನ್ಸ್‌ಪೆಕ್ಟರ್ ಗುರುಪಾದ ತಾಳ್ಮೆಯ ಮನುಷ್ಯ. ಫೋನಿನಲ್ಲಿ ನಿಯಮಗಳನ್ನು ಓದಿದ, ಡ್ರೋನಿನ ತೂಕ ಕೇಳಿದ, ಎಷ್ಟು ಎತ್ತರದಲ್ಲಿತ್ತು ಎಂದು ಕೇಳಿದ, ಪ್ರಮಾಣಪತ್ರ ನೋಡಿದ. ಕಡೆಗೆ ನಕಾಶೆಯನ್ನು ಇಂದ್ರವ್ವನತ್ತ ತಿರುಗಿಸಿದ.

"ನೋಡ್ರಿ ಅವ್ವಾರ, ನಿಮ್ಮೂರ ಆಕಾಶ ಹಸಿರ ಐತಿ."

"ಆಕಾಶ ಹಸಿರ ಇರ್ಲಿ ಸಾಹೇಬ್ರ. ನನ್ನ ಬಚ್ಚಲಕ್ಕ ಯಾವ ಬಣ್ಣ ಕೊಟ್ಟಾರ, ಅದನ್ನ ತೋರಸ್ರಿ."

ಗುರುಪಾದ ನಕಾಶೆಯನ್ನು ದೊಡ್ಡದು ಮಾಡುತ್ತ ಹೋದ. ಊರು ಬಂತು, ಓಣಿ ಬಂತು. ಹಸಿರು ಹಸಿರಾಗಿಯೇ ಉಳಿಯಿತು. ಬೇಕಂತಲೇ ನೋಡಿದ್ದರೆ ಅದಕ್ಕೆ ಕಾನೂನಿನ ಕಲಮು ಇದೆ, ಕೇಸು ಹಾಕಬಹುದು ಎಂದ. ಅಚಾನಕ್ ಕಂಡಿದ್ದರೆ ಏನು ಎನ್ನುವುದನ್ನು ತಾನು ಮೇಲಿನವರನ್ನು ಕೇಳಬೇಕು ಎಂದ.

"ಡ್ರೋನ್ ಅಲ್ಲಿ ನಿಂತಿತ್ತೇನ್ರಿ?" ಎಂದು ದಾನೇಶ್ವರಿಯನ್ನು ಕೇಳಿದ.

ಹಾಯ್ದು ಹೋಯಿತು ಎನ್ನಬಹುದಿತ್ತು. ಪಕ್ಕದಲ್ಲಿ ಕೂತ ಶೈಲಾ ಮೊಣಕೈಯಿಂದ ತಿವಿದಳು.

"ನಿಂತಿತ್ರಿ. ನಾನ ನಿಂದ್ರಿಸಿದ್ದೆ. ಕೌದಿ ನೋಡಾಕತ್ತಿದ್ದೆ."

"ಕೌದಿ ನೋಡಾಕ ನನ್ನ ಮನಿ ಬಾಗ್ಲಾ ಇರ್ಲಿಲ್ಲೇನ?" ಎಂದಳು ಇಂದ್ರವ್ವ.

ಸೋಮವಾರದೊಳಗೆ ಊರಲ್ಲಿ ಕೂತು ಮಾತಾಡಿಕೊಳ್ಳಿ, ಇಂದ್ರವ್ವ ದೂರು ಹಿಂದೆ ತೆಗೆಯದಿದ್ದರೆ ಕೇಸು ದಾಖಲಿಸುತ್ತೇನೆ ಎಂದು ಗುರುಪಾದ ಕಳಿಸಿದ. ಬಸ್ಸಿನಲ್ಲಿ ಶೈಲಾ ಸಂಘದ ಮಾತು ಹೇಳಿದಳು. ಕೇಸಾದರೆ ದಾನೇಶ್ವರಿ ಮುಂದೆಂದೂ ರಿಮೋಟು ಮುಟ್ಟುವ ಹಾಗಿಲ್ಲ; ತರಬೇತಿ ಮುಗಿಸಿದ ಹತ್ತರಗಿಯ ಸೋನಾಲಿಯನ್ನು ಕರೆಸುತ್ತಾರೆ. ದಾನೇಶ್ವರಿ ಕಿಟಕಿಯಾಚೆ ನೋಡಿದಳು. ಕಬ್ಬು ಹಿಂದಕ್ಕೆ ಓಡುತ್ತಿತ್ತು. ನೆಲದ ಮಟ್ಟದಿಂದ ಅದು ಬರೀ ಗೋಡೆಯಾಗಿತ್ತು.

ಇವತ್ತು ಭಾನುವಾರ. ನಳಿಕೆ ತೊಳೆದು ಮುಗಿಸಿ, ಶೆಡ್ಡಿಗೆ ಕೊಂಡಿ ಹಾಕಿ, ದಾನೇಶ್ವರಿ ಇಂದ್ರವ್ವನ ಮನೆಗೆ ನಡೆದಳು. ಮುದುಕಿ ಕಟ್ಟೆಯ ಮೇಲೆ ಕೂತು ಮತ್ತೊಂದು ಕೌದಿಗೆ ತುಂಡು ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇವತ್ತ ನಡಕೊಂಡ ಬಂದಿ? ರೆಕ್ಕಿ ಎಲ್ಲಿ ಇಟ್ಟಿ?"

"ತಪ್ಪಾತ ಆಯಿ."

"ನೀ ಯಾರ ಮಗಳ? ಅಣ್ಣಪ್ಪನ ಮಗಳ. ನಿಮ್ಮಪ್ಪ ಈ ಮಾಳಿಗಿ ಎಷ್ಟ ಸರ್ತಿ ಏರ‍್ಯಾನ. ಏಣಿಗೆ ಕಾಲ ಇಡೂಕ ಮೊದಲ ಏನ್ ಮಾಡ್ತಿದ್ದ, ಹೇಳ."

ದಾನೇಶ್ವರಿಯ ಕಿವಿಯಲ್ಲಿ ಅಪ್ಪನ ದನಿ ಎದ್ದಿತು. ದೂರದಿಂದ ಬಂದಂತೆ, ಹೊಗೆ ಹೊಗೆಯಾಗಿ. 'ಮಾಳಿಗಿ ಏರಾಕತ್ತೇನ್ರೆವ್ವೋ...' ಅವನು ಓಣಿಯ ತುದಿಯಲ್ಲಿ ನಿಂತು ಕೂಗುತ್ತಿದ್ದ. ಮಾಳಿಗೆಯ ಮೇಲಿಂದ ನಾಲ್ಕು ಮನೆಯ ಹಿತ್ತಲು ಕಾಣುತ್ತಿದ್ದವು. ಕೂಗು ಕೇಳಿದ ಹೆಂಗಸರು ಸೆರಗು ಸರಿಮಾಡಿಕೊಂಡು, ಬಚ್ಚಲಿಂದ ಎದ್ದು ಒಳಗೆ ಹೋಗುತ್ತಿದ್ದರು. ಒಳಗಿಂದ ಯಾರಾದರೂ 'ಏರಪಾ' ಎನ್ನುವವರೆಗೆ ಅವನು ಏಣಿ ಮುಟ್ಟುತ್ತಿರಲಿಲ್ಲ.

"ಕೂಗತಿದ್ದ," ಎಂದಳು ದಾನೇಶ್ವರಿ.

"ನೀ ಯಾಕ ಕೂಗಲಿಲ್ಲ?"

ದಾನೇಶ್ವರಿ ತನ್ನ ಕಾಲುಗಳನ್ನು ನೋಡಿಕೊಂಡಳು. "ನಾ ಹೊಲದಾಗ ನಿಂತಿದ್ದೆ ಆಯಿ. ಕಾಲ ನೆಲದ ಮ್ಯಾಲ ಇದ್ದೂ. ಏರೇನಿ ಅಂತ ಅನಸಲೇ ಇಲ್ಲ."

ಇಂದ್ರವ್ವನ ಸೂಜಿ ನಿಂತಿತು. ಅವಳು ದಾನೇಶ್ವರಿಯ ಕಾಲುಗಳನ್ನು ನೋಡಿದಳು. ಆಮೇಲೆ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದಳು.

"ಮ್ಯಾಲಿಂದ ಹೆಂಗ ಕಾಣ್ತದ ನನ್ನ ಕೌದಿ?"

"ಒಂದ ಊರ ಕಂಡಂಗ. ಹೊಲ, ಬದು, ದಾರಿ. ಬಿಳೇ ದಾರದ ಮ್ಯಾಲ ಯಾರೋ ನಡಕೋತ ಹೋದಂಗ."

"ನಡದಾಕಿ ನಾನ," ಎಂದಳು ಇಂದ್ರವ್ವ. "ಬೆರಳ ಚುಚ್ಚಿಸಿಕೋತ."

ಸಂಜೆ ಸಂಘದ ಹೆಂಗಸರು ಅದೇ ಕಟ್ಟೆಯ ಮುಂದೆ ಸೇರಿದರು. ಡ್ರೋನು ಊರಂಚಿಗೆ ಬರುವ ದಿನ ಓಣಿಯ ತುದಿಯಲ್ಲಿ ಕೂಗಬೇಕು, ಒಳಗಿಂದ ಒಪ್ಪಿಗೆಯ ದನಿ ಬಂದ ಮೇಲೆಯೇ ಹಾರಿಸಬೇಕು ಎಂದು ಗೊತ್ತುಮಾಡಿದರು. ಮೈಕಿನಲ್ಲಿ ಕೂಗಿದರಾಗದೇ ಎಂದು ಯಾರೋ ಕೇಳಿದರು. ಮೈಕಿಗೆ ತಾನು 'ಏರವ್ವಾ' ಎಂದರೆ ಅದಕ್ಕೆ ಕೇಳಿಸುತ್ತದೆಯೇ ಎಂದು ಇಂದ್ರವ್ವ ಕೇಳಿದಳು. ಬಾಯಿಂದಲೇ ಕೂಗುವುದೆಂದಾಯಿತು. ಇದನ್ನು ಠಾಣೆಗೂ ತಿಳಿಸಬೇಕೆಂದು ಶೈಲಾ ಹೇಳಿದಳು.

ನಾಳೆ ಬೆಳಿಗ್ಗೆಯ ಬಸ್ಸಿಗೆ ಇಂದ್ರವ್ವ ದೂರು ಹಿಂದೆ ತೆಗೆಯಲು ಮೂಡಲಗಿಗೆ ಹೋಗುತ್ತಾಳೆ. ಜೊತೆಗೆ ದಾನೇಶ್ವರಿಯೂ ಹೋಗುತ್ತಾಳೆ. ಬುಧವಾರ ಅಕ್ಕವ್ವನ ಉಳಿದ ಕಬ್ಬಿಗೆ ಔಷಧ ಹೊಡೆಯುವುದಿದೆ.